ಚಿಲ್ಲರೆ ಬಾಕಿ

ಹದಿನೆಂಟು ವರ್ಷ ಇವನನ್ನು
ಕನ್ನಡಿಯಲ್ಲೇ ನೋಡಿದ್ದು ನಾನು.
ಸ್ಟೇರಿಂಗಿನ ಮೇಲೆ, ಊದುಬತ್ತಿಯ ಹೊಗೆ ಹಿಡಿದ ಅಗಲ ಕನ್ನಡಿಯಲ್ಲಿ
ಜನರ ತಲೆಗಳ ನಡುವೆ ತೇಲುವ ಒಂದು ಖಾಕಿ ಭುಜ,
ಕಿವಿಗೆ ಸಿಕ್ಕಿಸಿದ ಪೆನ್ನು.
ಕಾಲು ನೋಡಿರಲಿಲ್ಲ.
ಕಂಡಕ್ಟರಿಗೂ ಕಾಲಿರುತ್ತದೆ ಎಂದು
ಯಾವ ಡ್ರೈವರು ಯೋಚಿಸುತ್ತಾನೆ?

ಈಗ ಜಯನಗರ, ಮೊದಲ ಮಹಡಿ,
ಕೆಳಗಿನ ಬೇಕರಿಯಿಂದ ದಿಲ್‌ಪಸಂದಿನ ವಾಸನೆ.
ಮತ್ತೆ ಕನ್ನಡಿ. ಈ ಸಲ ಆಳೆತ್ತರದ್ದು.
ಅದರೊಳಗೆ ಹೊನ್ನಗಂಗಯ್ಯ,
ಎದೆಗೆ ಪಟ್ಟಿ, ತೊಡೆಗೆ ಪಟ್ಟಿ,
ಸೂರಿನ ಕೊಕ್ಕೆಗೆ ಒಪ್ಪಿಸಿದ ಅರ್ಧ ಮೈಭಾರ.
ಮೈಸೂರು ಬ್ಯಾಂಕಿನ ತಿರುವಿನಲ್ಲೂ
ಕಂಬಿ ಹಿಡಿಯದೆ ನೂರರ ನೋಟು ಮುರಿದುಕೊಟ್ಟವನು
ಎರಡೂ ಕಡೆ ಕಂಬಿ ಹಿಡಿದಿದ್ದಾನೆ,
ಎಡಗೈ ತಾನಾಗಿ,
ಬಲಗೈ ಬಟ್ಟೆಯಲ್ಲಿ ಕಟ್ಟಿಸಿಕೊಂಡು.

ಕಾಲಡಿ ಓಡುವ ಪಟ್ಟೆ ಕರಿಯದು, ಡಾಂಬರಿನ ಹಾಗೇ.
ವೇಗ, ಗಂಟೆಗೆ ಸೊನ್ನೆ ಪಾಯಿಂಟ್ ನಾಲ್ಕು.
ಸಿಲ್ಕ್ ಬೋರ್ಡಿನಲ್ಲಿ, ಶುಕ್ರವಾರ ಸಂಜೆ, ಮಳೆ ಹಿಡಿದಾಗಲೂ
ಇದಕ್ಕಿಂತ ಜೋರಾಗಿ ಹೊಡೆದಿದ್ದೀನಿ ಕಣಮ್ಮ ಅಂದೆ.
ತಸ್ಲೀಮಾ ನಕ್ಕಳು.
ಅವನು ನಗಲಿಲ್ಲ. ಬಾಯಿಯ ಒಂದು ತುದಿ
ಯೋಚನೆ ಮಾಡಿತು, ಅಷ್ಟೆ.

ಚಿಂತಾಮಣಿ ಕಡೆಯ ಹುಡುಗಿ, ಇಪ್ಪತ್ತಾರಿರಬಹುದು.
ಗಿಡ್ಡ ಸ್ಟೂಲಿನಲ್ಲಿ ಕೂತು, ಬಗ್ಗಿ,
ಅವನ ಬಲಪಾದವನ್ನು ಎರಡೂ ಕೈಯಲ್ಲಿ ಎತ್ತಿ ಮುಂದಿಡುತ್ತಾಳೆ,
ಪ್ರತಿ ಹೆಜ್ಜೆಗೂ.
"ಹಿಮ್ಮಡಿ ಮೊದಲು ಅಂಕಲ್, ಹಿಮ್ಮಡಿ."
ಕೈ ಬಿಟ್ಟರೆ ಹೆಬ್ಬೆರಳು ಪಟ್ಟೆಗೆ ಉಜ್ಜಿ ಸರ್ ಎನ್ನುತ್ತದೆ.
ಆ ಸದ್ದು ನನಗೆ ಗೊತ್ತು: ಲೈನರ್ ಸವೆದ ಬ್ರೇಕು.
ಹನ್ನೆರಡು ನಿಮಿಷ ಮುಗಿಯುವಾಗ
ಅವಳ ಹಣೆಯಲ್ಲೂ ಬೆವರು.

ಲಕ್ವ ಹೊಡೆದದ್ದು ಡಿಪೋದಲ್ಲಿ, ಕಲೆಕ್ಷನ್ ಕಟ್ಟುವಾಗ.
ಎಣಿಸಿದ ನೋಟನ್ನೇ ಮತ್ತೆ ಎಣಿಸಿದ, ಮತ್ತೆ ಎಣಿಸಿದ,
ನಾವು ತಮಾಷೆ ಅಂದುಕೊಂಡೆವು.
ಈಗ ಉಳಿದಿರುವುದು ಒಂದೇ ಮಾತು.
ನೀರು ಬೇಕಾದರೂ "ಚಿಲ್ಲರೆ",
ಭುಜ ನೊಂದರೂ "ಚಿಲ್ಲರೆ",
ರೇವಮ್ಮನನ್ನು ಕರೆಯುವುದೂ ಹಾಗೇ.
ಮೊದಮೊದಲು ಅತ್ತಳು. ಈಗ "ಓ" ಅನ್ನುತ್ತಾಳೆ.
ಮಿಕ್ಕ ಮಾತನ್ನೆಲ್ಲ ಯಾರೋ
ಇವನ ಟಿಕೇಟಿನ ಹಿಂದೆ ಬರೆದುಕೊಟ್ಟಿದ್ದಾರೆ,
ಇಳಿಯುವಾಗ ಇಸ್ಕೊಳ್ಳಿ ಅಂತ.
ಇಳಿಯುವಾಗಲೇ ಏನು?
ಅಲ್ಲೀವರೆಗೆ ಕಾಯಬೇಕಾ?

ಇವತ್ತು ಹದಿನಾಲ್ಕನೇ ದಿನ.
ತಸ್ಲೀಮಾ ಕಾಲು ಹಿಡಿಯುವುದಿಲ್ಲವಂತೆ.
ಗುಂಡಿಯ ಮೇಲೆ ಬೆರಳಿಟ್ಟು ಕಾದಳು.
ಅವನ ಕಣ್ಣು ಕನ್ನಡಿಯಲ್ಲಿ ನನ್ನನ್ನು ಹುಡುಕಿತು.
ನಾನೂ ಹುಡುಕಿಲ್ಲವೇ, ಹೀಗೇ, ದಿನಕ್ಕೆ ನೂರು ಸಲ,
ಆ ಮುದುಕಿ ಇಳಿದಳೇ, ಬಾಗಿಲು ಖಾಲಿಯೇ, ಹೊರಡಲೇ ಎಂದು.
ಕುರ್ಚಿ ಬಿಟ್ಟು ಎದ್ದೆ.
ಜನ್ಮದಲ್ಲಿ ಹೇಳದ್ದು ಹೇಳಿದೆ,
"ರೈಟ್, ರೈಟ್!"
ಗಂಟಲು ನನ್ನದು, ರಾಗ ಅವನದು.

ಪಟ್ಟೆ ಹೊರಟಿತು. ಸೊಂಟ ಓರೆಯಾಯಿತು,
ಮೊಣಕಾಲು ಒಮ್ಮೆ ನಡುಗಿತು,
ಬಲಗಾಲು ಬಂತು.
ಹಿಮ್ಮಡಿ ಮೊದಲಲ್ಲ, ಅಡ್ಡಡ್ಡ. ಆದರೂ ಬಂತು.
ಮತ್ತೆ ಸರ್. ಮತ್ತೆ ಬಂತು.
"ಚಿಲ್ಲರೆ!" ಎಂದ ನನಗೆ, ಕನ್ನಡಿಯೊಳಗಿಂದ.
ಬೈಗುಳವೇ ಅದು, ಅನುಮಾನವಿಲ್ಲ.

ಪರದೆಯ ಮೇಲೆ ಕೊನೆಗೆ ಎಪ್ಪತ್ತೆಂಟು ಮೀಟರು.
ಮಿನಿಮಮ್ ಸ್ಟೇಜಿಗೂ ಸಾಲದು.

ಹೊರಗೆ ಫುಟ್‌ಪಾತು, ಒಂದೊಂದು ಕಲ್ಲಿಗೆ ಒಂದೊಂದು ದಿಕ್ಕು,
ಎಳನೀರಿನ ಬುರುಡೆಗಳ ಗುಡ್ಡೆ.
ನೆಲ ಅಲ್ಲಾಡದೆ ನಿಂತಿದೆ.
ಓಡುವ ನೆಲದ ಮೇಲೆ ನಿಂತೇ ಸಂಬಳ ತಂದವನಿಗೆ
ಇದೇ ಕಷ್ಟ.
ಆಟೋ ಇಪ್ಪತ್ತು ಅಡಿ ದೂರ,
ಮೀಟರಿನ ಮೇಲೆ ಐವತ್ತು ಕೇಳುವ ಮುಖದವನು.
ನಾನು ಅರ್ಧ ಹೆಜ್ಜೆ ಮುಂದೆ,
ಅವನ ಎಡಗೈ ನನ್ನ ಬೆನ್ನ ಮೇಲೆ.
ನಿಂತೇ ಇದ್ದೆವು, ಎಷ್ಟೋ ಹೊತ್ತು.

ಆಮೇಲೆ ಬೆನ್ನಿಗೆ ಎರಡು ಬಡಿತ,
ಬಸ್ಸಿನ ತಗಡಿಗೆ ಬಡಿದ ಹಾಗೆ.